ಈಜುಕೊಳದ ಹಳೆಯ ಹೀಟರ್ ತೆಗೆದು ಹೊಸದನ್ನು ಜೋಡಿಸುವಾಗ ಹಳೆಯ ಪೈಪುಗಳಿಗೇ ಸೇರಿಸಬಹುದೇ?

ಗ್ಯಾಸ್ ಹೀಟರ್ ಸೋರಿ ಕೆಟ್ಟಿದೆ, ಹೊಸದರ ನೀರಿನ ಬಾಯಿಗಳು ಹಳೆಯ ಪೈಪುಗಳ ನೇರಕ್ಕೆ ಬರುತ್ತಿಲ್ಲ, ಪೈಪಿನ ದಿಕ್ಕು ತಿರುಗಿಸುವ ನಾಲ್ಕು ಎಲ್ಬೋ ಹಾಕಿ ಸೇರಿಸಿಬಿಡಲೇ ಎಂದು ಕೇಳಿದ್ದೀರಿ. ಸೇರಿಸಬಹುದು. ಆದರೆ ದಯವಿಟ್ಟು ಪೈಪಿಗೆ ಗರಗಸ ಇಡುವ ಮೊದಲು ಹಳೆಯದು ಏಕೆ ಸೋರಿತು ಎಂಬುದನ್ನು ಕಂಡುಕೊಳ್ಳಿ.

ನಾವಿರುವುದು ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ. ನಮ್ಮ ಮನೆಯಲ್ಲಿ ಒಂದರ ಹಿಂದೊಂದು ಎರಡು ಹೀಟರ್ ಹಾಳಾದವು. ಎರಡನೆಯದನ್ನು ನಾನೇ ಬಿಚ್ಚಿ ನೋಡಿದೆ. ಒಳಗಿನ ತಾಮ್ರದ ಕೊಳವೆ ಸವೆದು ಸವೆದು, ಹೆಬ್ಬೆರಳಿನಿಂದ ಒತ್ತಿದರೆ ತಗ್ಗು ಬೀಳುವಷ್ಟು ತೆಳುವಾಗಿತ್ತು. ಕೊಳದ ಬಿಳಿ ಮೆಟ್ಟಿಲ ಮೇಲಿದ್ದ ನೀಲಿ ಹಸಿರು ಕಲೆಯನ್ನು ಪಾಚಿಯೆಂದು ತಿಳಿದು ತಿಂಗಳುಗಟ್ಟಲೆ ಉಜ್ಜಿದ್ದೆವು. ಅದು ಹೀಟರಿನಿಂದ ಕರಗಿ ಬಂದ ತಾಮ್ರ!

ಕಾರಣ ಪೈಪಿನ ಜೋಡಣೆಯಲ್ಲೇ ಇತ್ತು. ನೀರಿಗೆ ಕ್ಲೋರಿನ್ ಮಾತ್ರೆ ಕರಗಿಸಿ ಬೆರೆಸುವ ಕ್ಲೋರಿನೇಟರ್ ಹೀಟರಿಗಿಂತ ಮೊದಲು ಕೂತಿತ್ತು, ಎರಡನೆಯ ಸಲ ಕೆಲಸಕ್ಕೆ ಬಂದವರೂ ಅದನ್ನು ಹಾಗೆಯೇ ಬಿಟ್ಟು ಹೋಗಿದ್ದರು. ಕೊಳಕ್ಕೆ ಸಾಮಾನ್ಯವಾಗಿ ಬಳಸುವ ಕ್ಲೋರಿನ್ ಮಾತ್ರೆಗಳು ಆಮ್ಲೀಯ. ಹುಣಸೆಹಣ್ಣು ತಿಕ್ಕಿದರೆ ತಾಮ್ರದ ಹಂಡೆಯ ಕಿಲುಬು ಬಿಡುವುದು ಅದರ ಹುಳಿಯಿಂದ. ಅಂಥ ಹುಳಿನೀರು ಪಂಪ್ ನಿಂತ ಮೇಲೆ ರಾತ್ರಿಯಿಡೀ ಆ ತೆಳು ಕೊಳವೆಯೊಳಗೆ ನಿಂತರೆ ಏನು ಉಳಿದೀತು?

ಕೊಳದಿಂದ ಬಂದ ನೀರು ಪಂಪ್, ಫಿಲ್ಟರ್, ಹೀಟರ್, ನೀರನ್ನು ಹಿಂದಕ್ಕೆ ಬಿಡದ ಚೆಕ್ ವಾಲ್ವ್ ದಾಟಿ ಕಟ್ಟಕಡೆಗೆ ಕ್ಲೋರಿನೇಟರ್ ಸೇರಬೇಕು. ಭಾರತದಲ್ಲಿ ಪ್ಲಂಬರುಗಳು ಎನ್‌ಆರ್‌ವಿ ಎನ್ನುವುದು ಈ ಚೆಕ್ ವಾಲ್ವನ್ನೇ. ಅದರ ಮೇಲಿನ ಬಾಣ ಕ್ಲೋರಿನೇಟರಿನ ಕಡೆಗೆ ತಿರುಗಿರಲಿ. ತೇಲುವ ಕಸ ಹಿಡಿಯುವ ಸ್ಕಿಮ್ಮರ್ ಬುಟ್ಟಿಗೆ ಮಾತ್ರೆ ಹಾಕುವ ಅಭ್ಯಾಸವಿದ್ದರೆ ಇಂದೇ ನಿಲ್ಲಿಸಿ. ಆ ನೀರು ಹೇಗಿದ್ದರೂ ಹೀಟರ್ ಮೂಲಕವೇ ಹಾದುಹೋಗುತ್ತದೆ. ನೀರಿನ ಪಿಎಚ್ 7.2ರಿಂದ 7.8ರ ನಡುವೆ ಇರಲಿ.

ಇನ್ನು ಎಲ್ಬೋ ವಿಚಾರ. ಎರಡು ಇಂಚಿನ ಒಂದು 90 ಡಿಗ್ರಿ ಎಲ್ಬೋ ಸುಮಾರು ಐದಾರು ಅಡಿ ನೇರ ಪೈಪಿನಷ್ಟು ನೀರನ್ನು ತಡೆಯುತ್ತದೆ. ಜಾಗವಿದ್ದರೆ ಅದರ ಬದಲು ಎರಡು 45 ಡಿಗ್ರಿಯವನ್ನು ಬಳಸಿ. ಹೀಟರಿನ ಎರಡೂ ಬಾಯಿಗೆ ತಿರುಗಿಸಿ ಬಿಚ್ಚಬಹುದಾದ ಯೂನಿಯನ್ ಹಾಕಿದರೆ ಮುಂದೆ ಬಿಚ್ಚಲು ಪೈಪ್ ಕತ್ತರಿಸಬೇಕಾಗಿಲ್ಲ. ಮೂರು ವಾಲ್ವ್‌ಗಳ ಬೈಪಾಸ್ (ನೀರು ಹೀಟರ್ ಬಿಟ್ಟು ಹಾದುಹೋಗುವ ಬದಲಿ ದಾರಿ) ಕೂಡ ಈಗಲೇ ಮಾಡಿಸಿಕೊಳ್ಳಿ, ಹೀಟರ್ ರಿಪೇರಿಗೆ ಬಂದಾಗಲೂ ಕೊಳದ ನೀರು ಸುತ್ತುತ್ತಿರುತ್ತದೆ. ಪಿವಿಸಿ ತಾಳುವುದು ಹೆಚ್ಚೆಂದರೆ 60 ಡಿಗ್ರಿ ಸೆಲ್ಸಿಯಸ್. ಆದ್ದರಿಂದ ಹೀಟರ್ ಬಾಯಿಗೆ ಯಾವ ಪೈಪ್ ಬರಬೇಕೆಂದು ಅದರ ಕೈಪಿಡಿಯಲ್ಲಿ ನೋಡಿಯೇ ಖರೀದಿಸಿ.

ಸಲ್ಯೂಷನ್ (ಪಿವಿಸಿ ಅಂಟು) ಹಚ್ಚದೆ ಮೊದಲು ಎಲ್ಲವನ್ನೂ ಒಣದಾಗಿ ಜೋಡಿಸಿ, ಪ್ರತಿ ಸೇರುವೆಯ ಮೇಲೆ ಪೆನ್ಸಿಲ್ ಗೆರೆ ಎಳೆಯಿರಿ. ಆಮೇಲೆ ಪ್ರೈಮರ್, ಸಲ್ಯೂಷನ್ ಹಚ್ಚಿ, ಕಾಲು ಸುತ್ತು ತಿರುಗಿಸಿ ಒತ್ತಿ, ಅರ್ಧ ನಿಮಿಷ ಕೈ ಬಿಡಬೇಡಿ.

ಗ್ಯಾಸ್ ಪೈಪನ್ನೂ, ವಿದ್ಯುತ್ ಆಘಾತ ತಡೆಯಲು ಲೋಹದ ಭಾಗಗಳನ್ನು ಒಂದಕ್ಕೊಂದು ಸೇರಿಸುವ ಬಾಂಡಿಂಗ್‌ನ ತಾಮ್ರದ ತಂತಿಯನ್ನೂ ನೀವು ಮುಟ್ಟಬೇಡಿ. ಅವೆರಡೂ ಪರವಾನಗಿ ಇರುವವರ ಕೆಲಸ. ಹೊಸ ಹೀಟರ್ ಹಳೆಯದಕ್ಕಿಂತ ದೊಡ್ಡದಾದರೆ ಈಗಿರುವ ಗ್ಯಾಸ್ ಪೈಪ್ ಸಾಲದೆ ಹೋಗಬಹುದು, ಅದನ್ನೂ ಅವರಿಂದಲೇ ಅಳೆಸಿ.

ನಿಮ್ಮ ಈಗಿನ ಜೋಡಣೆಯ ಒಂದು ಫೋಟೋ ಹಾಕಿ. ಕ್ಲೋರಿನೇಟರ್ ಎಲ್ಲಿದೆ ಎಂಬುದು ಅದರಲ್ಲಿ ಕಾಣುವಂತಿರಲಿ.