‘ಚಂದ್ರಿಕೆ ಅಂದರೇನು?’

(ಶಿಡ್ಲಘಟ್ಟ ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರ: ಡಿಮೆನ್ಷಿಯ (ಅರಿವು ಕುಂದುತ್ತ ಹೋಗುವ ಕಾಯಿಲೆ) ಇರಬಹುದೆಂದು ನನ್ನ ತಾಯಿಗೆ ಪರೀಕ್ಷೆ ಮಾಡಿದರು. ಲಂಗರು, ಪಿಯಾನೊ, ಘೇಂಡಾಮೃಗಗಳ ಚಿತ್ರ ನೋಡಿ ಅವರು ಹೆಸರು ಹೇಳಲಿಲ್ಲ. ಹಡಗನ್ನೇ ಕಾಣದವರಿಗೆ ಲಂಗರು ತಿಳಿಯದಿದ್ದರೆ ಅದು ಕಾಯಿಲೆಯೇ? ನಾವು ಮನೆಯಲ್ಲಿ ತೆಲುಗು, ಹೊರಗೆ ಕನ್ನಡ ಆಡುವವರು. ಅಂದಹಾಗೆ, ನಲವತ್ತು ವರ್ಷ ರೇಷ್ಮೆಹುಳು ಸಾಕಿದ ಅವರು ಮೊನ್ನೆ, ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿಯ ಹೆಸರನ್ನೇ ಹಿಡಿದು ‘ಚಂದ್ರಿಕೆ ಅಂದರೇನು?’ ಎಂದು ಕೇಳಿದರು. ವಯಸ್ಸಿನ ಮರೆವಲ್ಲವೇ?)

ಮಾನ್ಯರೇ,

ಲಂಗರಿನ ಬಗೆಗಿನ ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ‘ಅಂದಹಾಗೆ’ ಎಂದು ನೀವು ಕೊನೆಯಲ್ಲಿ ಸೇರಿಸಿದ ಮಾತೇ ಇಡೀ ಪತ್ರದಲ್ಲಿ ಹೆಚ್ಚು ತೂಕದ್ದು.

ಹೆಸರು ನಾಲಿಗೆಗೆ ಬಾರದಿರುವುದು ಬೇರೆ, ಅರ್ಥವೇ ಅಳಿದಿರುವುದು ಬೇರೆ. ಮೊದಲನೆಯದು ದಿನಕ್ಕೆ ಹತ್ತು ಸಲ ಈ ಸಂಪಾದಕನಿಗೂ ಆಗುತ್ತದೆ, ಅಂಥವರಿಗೆ ‘ಚಂ...’ ಎಂದು ಮೊದಲ ಅಕ್ಷರ ಕೊಟ್ಟರೆ ಸಾಮಾನ್ಯವಾಗಿ ಉಳಿದದ್ದು ಹೊರಬರುತ್ತದೆ. ಅರ್ಥ ಅಳಿದವರಿಗೆ ಆ ಸುಳಿವು ಬಹುಮಟ್ಟಿಗೆ ಕೆಲಸಕ್ಕೆ ಬಾರದು. ಬ್ರಿಟಿಷ್ ನರಮನೋವಿಜ್ಞಾನಿ ಎಲಿಜಬೆತ್ ವಾರಿಂಗ್ಟನ್ 1975ರಲ್ಲಿ ಇಂಥ ಮೂವರು ರೋಗಿಗಳನ್ನು ವಿವರಿಸಿದರು. ಇಂದು ಇದನ್ನು ಸಿಮ್ಯಾಂಟಿಕ್ ಡಿಮೆನ್ಷಿಯ ಎನ್ನುತ್ತಾರೆ. ಇದರಲ್ಲಿ ಮಿದುಳಿನ ಕಪೋಲ ಭಾಗದ (ಕಿವಿಯ ಪಕ್ಕದ ಟೆಂಪೊರಲ್ ಲೋಬ್) ಮುಂತುದಿ ಸವೆಯುತ್ತದೆ. ಇಂಥವರು ನಿನ್ನೆಯ ಸಂಗತಿಯನ್ನು ಚೆನ್ನಾಗಿಯೇ ಹೇಳಬಹುದು, ಮಾತು ಸರಾಗವಾಗಿಯೇ ಇರಬಹುದು. ಆದರೆ ಕೊಕ್ಕರೆ, ಗೊರವಂಕ ಎರಡೂ ಬರೀ ‘ಹಕ್ಕಿ’ಯಾಗಿ, ಮುಂದೆ ಹಕ್ಕಿಯೂ ‘ಅದೇ, ಅದು’ ಆಗಿಬಿಡುತ್ತದೆ. ಬಳಕೆಯ ಪದವನ್ನೇ ಹಿಡಿದು ‘ಹಾಗಂದರೇನು?’ ಎಂದು ಕೇಳುವುದು ಈ ಸ್ಥಿತಿಯ ಹೆಗ್ಗುರುತು.

ಆದ್ದರಿಂದ ಹೆಸರು ಹೇಳಿಸುವುದೊಂದರಿಂದಲೇ ತೀರ್ಮಾನಕ್ಕೆ ಬರಲಾಗದು. ಒಂದೇ ವಸ್ತುವನ್ನು ಹಲವು ಬಾಗಿಲುಗಳಿಂದ ವಿಚಾರಿಸಬೇಕು. ಮೊರ, ಜರಡಿ, ಬುಟ್ಟಿ, ತಟ್ಟೆಗಳ ಚಿತ್ರಗಳನ್ನು ಒಟ್ಟಿಗಿಟ್ಟು ‘ಮೊರ ತೋರಿಸಿ’ ಎನ್ನುವುದು ಒಂದು ಬಾಗಿಲು. ಮೊರದ ಪಕ್ಕ ಆನೆಯನ್ನಿಟ್ಟರೆ ಅರ್ಧ ಅರ್ಥ ಉಳಿದವರೂ ಗೆದ್ದುಬಿಡುತ್ತಾರೆ. ಮಾತೇ ಬೇಡದ ಇನ್ನೊಂದು ಬಾಗಿಲೂ ಇದೆ. ಹೋವರ್ಡ್ ಮತ್ತು ಪ್ಯಾಟರ್ಸನ್ ಎಂಬ ಸಂಶೋಧಕರು 1992ರಲ್ಲಿ ಪ್ರಕಟಿಸಿದ, ಚಿತ್ರಕ್ಕೆ ಚಿತ್ರ ಹೊಂದಿಸುವ ಪರೀಕ್ಷೆಯ 52 ಪ್ರಶ್ನೆಗಳಲ್ಲಿ ಒಂದು, ಪಿರಮಿಡ್ಡಿಗೆ ಸಲ್ಲುವುದು ತಾಳೆಮರವೋ ಪೈನ್ ಮರವೋ ಎಂಬುದು. ನಮ್ಮ ಬಯಲುಸೀಮೆಯ ಅಜ್ಜಿಗೆ ಇದನ್ನು ಹಾಗೆಯೇ ಕೇಳುವುದು ಲಂಗರು ತೋರಿಸಿದಷ್ಟೇ ಅಸಂಗತ. ರೇಷ್ಮೆಹುಳುವಿನ ಕೆಳಗೆ ಹಿಪ್ಪುನೇರಳೆ ಸೊಪ್ಪು, ಹರಳೆಲೆಗಳನ್ನಿಟ್ಟು ಯಾವುದು ಸಲ್ಲುತ್ತದೆ ಎಂದು ಕೇಳಿದರೆ ಉದ್ದೇಶ ಈಡೇರುತ್ತದೆ. ಎಲ್ಲ ಬಾಗಿಲಲ್ಲೂ ಅದೇ ವಸ್ತು, ಬೇರೆ ದಿನವೂ ಅದೇ ವಸ್ತು ತಪ್ಪಿದರೆ ಅರ್ಥವೇ ಹೋಗಿದೆ ಎನ್ನಲು ಆಧಾರವಿದೆ.

ಓದಿಸಿ ನೋಡಿ ಸಮಾಧಾನಪಡಬೇಡಿ. ಇಂಗ್ಲಿಷಿನಲ್ಲಿ ಅರ್ಥ ಮರೆತವರು ಬರಹಕ್ಕೂ ಉಚ್ಚಾರಕ್ಕೂ ತಾಳೆಯಿಲ್ಲದ ಪದಗಳನ್ನು ತಪ್ಪಾಗಿ ಓದಿ ಸಿಕ್ಕಿಬೀಳುತ್ತಾರೆ. ಬರೆದಂತೆ ಓದುವ ಕನ್ನಡದಲ್ಲಿ ‘ಚಂದ್ರಿಕೆ’ಯನ್ನು ಅರ್ಥವಿಲ್ಲದೆಯೂ ತಪ್ಪಿಲ್ಲದೆ ಓದಬಹುದು.

ಎರಡು ಭಾಷೆಯ ಪ್ರಶ್ನೆ ನಮ್ಮ ಚಿಕ್ಕಬಳ್ಳಾಪುರ, ಕೋಲಾರಗಳಲ್ಲಿ ಮನೆಮನೆಯದು. ಮೊರವನ್ನು ‘ಚೇಟ’ ಎಂದವರಿಗೆ ಪೂರ್ಣ ಅಂಕ ಸಲ್ಲಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪರೀಕ್ಷಾ ಸಂಚಯ ಕನ್ನಡದಲ್ಲೂ ತೆಲುಗಿನಲ್ಲೂ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಹೋದಾಗ ಎರಡೂ ಭಾಷೆಯಲ್ಲಿ ಪರೀಕ್ಷಿಸುವಂತೆ ಕೇಳಿ. ನೆರೆಯ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿಯೇ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರವು 45 ದಾಟಿದವರ ಅರಿವಿನ ಶಕ್ತಿಯನ್ನು ವರ್ಷಗಟ್ಟಲೆ ಹಿಂಬಾಲಿಸಿ ಅಧ್ಯಯನ ಮಾಡುತ್ತಿದೆ ಎಂಬುದೂ ನಿಮಗೆ ತಿಳಿದಿರಲಿ. ಪರೀಕ್ಷೆಗೆ ಮುನ್ನ ಕಣ್ಣಿನ ಪೊರೆ, ಕಿವಿ ನೋಡಿಸಿ. ಶಾಲೆ ಕಾಣದವರಿಗೆ ಗೆರೆಚಿತ್ರಗಳೇ ತೊಡಕಾಗುತ್ತವೆ. ಅಂಥವರ ಮುಂದೆ ವಸ್ತುವನ್ನೇ ಇಡುವುದು ಲೇಸು.

ಹೆಚ್ಚು ಬಳಸಿದ ಪದಗಳು ಸಾಮಾನ್ಯವಾಗಿ ಕೊನೆಯವರೆಗೆ ಉಳಿಯುತ್ತವೆ. ಹಾಗಾಗಿ ಪಿಯಾನೊ ತಪ್ಪಿದ್ದರಿಂದ ಏನೂ ತಿಳಿಯದು; ಚಂದ್ರಿಕೆ ತಪ್ಪಿದ್ದನ್ನು ವಯಸ್ಸಿನ ಮೇಲೆ ಹಾಕಿ ಬಿಡಲಾಗದು. ಹಾಗೆಂದು ಕಾಯಿಲೆ ಇದೇ ಎಂದು ಪತ್ರದಿಂದ ಹೇಳುವ ಅಧಿಕಾರ ನಮಗಿಲ್ಲ, ಅದು ನರರೋಗ ತಜ್ಞರ ಕೆಲಸ. ಅವರನ್ನು ಕಾಣುವವರೆಗೆ ತಾಯಿಯವರನ್ನು ಮನೆಯಲ್ಲಿ ಪರೀಕ್ಷೆಗೆ ಕೂರಿಸಬೇಡಿ. ಅವರೇ ‘ಅಂದರೇನು?’ ಎಂದು ಕೇಳಿದ ಪದಗಳನ್ನು ದಿನಾಂಕ ಹಾಕಿ, ಯಾವ ಭಾಷೆಯಲ್ಲಿ ಕೇಳಿದರೆಂಬುದರ ಸಹಿತ ಬರೆದಿಡಿ. ಮುಂದಿನ ಬೆಳೆಯಲ್ಲಿ ಹುಳು ಹಣ್ಣಾದಾಗ (ಗೂಡು ಕಟ್ಟಲು ಸಿದ್ಧವಾದಾಗ) ಚಂದ್ರಿಕೆಯನ್ನು ಮಾತಿಲ್ಲದೆ ಅವರ ಮುಂದಿಡಿ. ಅವರ ಕೈ ಹುಳುಗಳನ್ನು ಅದರ ಮೇಲೆ ಹರಡಿತೇ, ಸುಮ್ಮನಿತ್ತೇ ಎಂಬುದನ್ನೂ ಅದೇ ಹಾಳೆಯಲ್ಲಿ ಬರೆದು ವೈದ್ಯರಿಗೆ ಕೊಡಿ.

— ಸಂಪಾದಕ