ಎಚ್‌ಪಿವಿ ನೆಗೆಟಿವ್ ಬಂತೆಂದು ಬಯಾಪ್ಸಿಯನ್ನು ಸುಳ್ಳು ಮಾಡಬೇಡಿ

ಪ್ರಶ್ನೆ: ನಮ್ಮ ಅಕ್ಕನಿಗೆ ಗರ್ಭಕಂಠದ ಕ್ಯಾನ್ಸರ್ ಎಂದು ಬಯಾಪ್ಸಿಯಲ್ಲಿ ಬಂದಿದೆ. ಆದರೆ ಈ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ಸಿನ ಪರೀಕ್ಷೆ ನೆಗೆಟಿವ್. ವೈರಸ್ಸೇ ಇಲ್ಲದಿದ್ದರೆ ಈ ಕ್ಯಾನ್ಸರ್ ಹೇಗೆ ಬರುತ್ತದೆ? ಎರಡು ತಿಂಗಳು ಕಾದು ನೋಡೋಣ ಎನ್ನುತ್ತಿದ್ದಾರೆ ಮನೆಯವರು. (ತೀರ್ಥಹಳ್ಳಿ)

ಕಾಯುವ ಮಾತೇ ಬೇಡ. ಇದೇ ಪ್ರಶ್ನೆ ಸಾಗರದಿಂದ, ಹೊಸನಗರದಿಂದ ಬರುತ್ತಲೇ ಇದೆ. ಪ್ರತಿಸಲವೂ ಕೊನೆಗೆ ‘ಕಾದು ನೋಡೋಣ’ ಇದ್ದೇ ಇರುತ್ತದೆ. ನನಗೆ ಸಿಟ್ಟು ಬರುವುದು ಆ ಮಾತಿಗೆ. ಕ್ಯಾನ್ಸರ್ ಇದೆಯೋ ಇಲ್ಲವೋ ಎಂದು ಹೇಳುವುದು ಚಿಕ್ಕ ತುಣುಕು ತೆಗೆದು ನೋಡುವ ಬಯಾಪ್ಸಿ. ಎಚ್‌ಪಿವಿ ಪರೀಕ್ಷೆ ಹುಡುಕುವುದು ವೈರಸ್ಸನ್ನು ಮಾತ್ರ. ಅಡಿಕೆ ಉದುರಿದ್ದಕ್ಕೆಲ್ಲ ಕೊಳೆರೋಗವೇ ಕಾರಣವಲ್ಲ ಎಂಬುದು ತೋಟ ಇಟ್ಟವರಿಗೆ ಗೊತ್ತು. ಇಲ್ಲೂ ಅಷ್ಟೆ. ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ 100ಕ್ಕೆ ಸುಮಾರು 5ರಲ್ಲಿ ಎಚ್‌ಪಿವಿ ಸಿಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ವರ್ಗೀಕರಣದಲ್ಲಿ ಇವನ್ನು ಬೇರೆಯಾಗಿಯೇ ಇಟ್ಟಿದ್ದಾರೆ.

ಎಚ್‌ಪಿವಿಯ ಇ6 ಪ್ರೋಟೀನು, ಡಿಎನ್‌ಎ ಕೆಟ್ಟಾಗ ಜೀವಕೋಶದ ವಿಭಜನೆ ನಿಲ್ಲಿಸುವ ಪಿ53 ಅನ್ನು ನಾಶ ಮಾಡಿಸುತ್ತದೆ. ಇ7 ಆರ್‌ಬಿ ಎಂಬ ಇನ್ನೊಂದು ತಡೆಯನ್ನು ತೆಗೆದುಹಾಕುತ್ತದೆ. ಆಗ ಪಿ16 ಪ್ರೋಟೀನು ವಿಪರೀತ ಏರುತ್ತದೆ, ಬಯಾಪ್ಸಿ ಪರೀಕ್ಷಿಸುವ ನಾವು ವೈರಸ್ಸಿನ ಗುರುತಾಗಿ ಸ್ಲೈಡಿನಲ್ಲಿ ನೋಡುವುದು ಅದನ್ನೇ. ವೈರಸ್ ಇಲ್ಲದ ಕ್ಯಾನ್ಸರಿನಲ್ಲಿ ಕೆಡುವುದು ಜೀವಕೋಶದ ಸ್ವಂತ ವಂಶವಾಹಿಗಳು: ಟಿಪಿ53, ಎಸ್‌ಟಿಕೆ11, ಸಿಡಿಕೆಎನ್2ಎ, ಕೆರಾಸ್. ಕೆಲವರಲ್ಲಿ ಹರ್2 ವಂಶವಾಹಿಯ ಪ್ರತಿಗಳು ಲೆಕ್ಕ ಮೀರಿರುತ್ತವೆ.

ವೈರಸ್ ಇಲ್ಲದ ಇಂಥ ಕ್ಯಾನ್ಸರುಗಳಲ್ಲಿ ಹೆಚ್ಚಾಗಿ ಕಾಣುವುದು ಗ್ಯಾಸ್ಟ್ರಿಕ್ ಟೈಪ್ ಅಡಿನೋಕಾರ್ಸಿನೋಮ ಎಂಬ ಗ್ರಂಥಿಕೋಶಗಳ ಕ್ಯಾನ್ಸರ್. ಹೆಸರು ನೋಡಿ ಹೊಟ್ಟೆಯ ಕ್ಯಾನ್ಸರ್ ಎಂದು ಎಂಡೋಸ್ಕೋಪಿಗೆ ಓಡಬೇಡಿ, ಗರ್ಭಕಂಠದ ಗ್ರಂಥಿಯ ಕೋಶಗಳೇ ಜಠರದ ಕೋಶಗಳ ರೂಪ ತಾಳಿರುತ್ತವೆ. ಮೈಕ್ರೋಸ್ಕೋಪಿನಲ್ಲಿ ಲೋಳೆ ತುಂಬಿದ ತಿಳಿಬಣ್ಣದ ಕೋಶಗಳು, ಒಂದೊಂದರ ಅಂಚೂ ಗೆರೆ ಎಳೆದಷ್ಟು ಸ್ಪಷ್ಟ. ಕೆಲವೊಮ್ಮೆ ಎಷ್ಟು ಸಾಧುವಾಗಿ ಕಾಣುತ್ತವೆಂದರೆ ಚಿಕ್ಕ ತುಣುಕು ನೋಡಿ ಕ್ಯಾನ್ಸರ್ ಎನ್ನುವುದೇ ಕಷ್ಟ. ಸ್ವಭಾವ ಮಾತ್ರ ಸಾಧುವಲ್ಲ: ಅಂಡಾಶಯಕ್ಕೆ, ಹೊಟ್ಟೆಯೊಳಗಿನ ಪೊರೆಗೆ ಬೇಗ ಹಬ್ಬುತ್ತದೆ, ಕೀಮೋಗೂ ಸುಲಭಕ್ಕೆ ಬಗ್ಗುವುದಿಲ್ಲ. ಕಾಯಬೇಡಿ ಎಂದು ನಾನು ಗಂಟಲು ಹರಿದುಕೊಳ್ಳುವುದು ಇದಕ್ಕೇ.

ನೆಗೆಟಿವ್ ಎಂಬುದು ನಿಜವಾದ ನೆಗೆಟಿವ್ ಹೌದೇ ಎಂದೂ ನೋಡಬೇಕು. ಕೆಲವು ಪರೀಕ್ಷೆಗಳು ವೈರಸ್ಸಿನ ಎಲ್1 ಭಾಗವನ್ನು ಹುಡುಕುತ್ತವೆ. ವೈರಸ್ ನಮ್ಮ ಡಿಎನ್‌ಎಯೊಳಗೆ ಸೇರಿಕೊಳ್ಳುವಾಗ ಆ ಭಾಗ ಕಳಚಿಹೋಗಿರಬಹುದು, ಇ6, ಇ7 ಉಳಿದಿರುತ್ತವೆ. ಆಗ ವೈರಸ್ ಇದ್ದರೂ ಪರೀಕ್ಷೆ ನೆಗೆಟಿವ್ ಬರಬಹುದು. ಗರ್ಭಕೋಶದ ಒಳಪದರದ ಕ್ಯಾನ್ಸರ್ ಕೆಳಗಿಳಿದು ಗರ್ಭಕಂಠದಲ್ಲಿ ಕಾಣಿಸಿಕೊಂಡಿರಲೂಬಹುದು. ಹಾಗಿದ್ದರೆ ಚಿಕಿತ್ಸೆಯೇ ಬೇರೆ.

ಬಯಾಪ್ಸಿಯ ಸ್ಲೈಡು ಮತ್ತು ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ಎರಡನ್ನೂ ಲ್ಯಾಬಿನಿಂದ ಕೇಳಿ ಪಡೆಯಿರಿ. ಬರೀ ರಿಪೋರ್ಟಿನ ಜೆರಾಕ್ಸ್ ಹಿಡಿದು ಹೋದರೆ ಯಾರೂ ಏನೂ ಹೇಳಲಾರರು. ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಕೇಂದ್ರದಲ್ಲಿ ಪಿ16, ಪಿ53, ಹರ್2 ನೋಡಲು ಕೇಳಿಕೊಳ್ಳಿ. ಅಕ್ಕನ ತುಟಿ, ಬಾಯೊಳಗೆ ಚಿಕ್ಕಂದಿನಿಂದ ಕಪ್ಪು ಚುಕ್ಕೆಗಳಿದ್ದರೆ, ಮನೆಯಲ್ಲಿ ಯಾರಿಗಾದರೂ ಕರುಳಿನಲ್ಲಿ ಪಾಲಿಪ್ (ಒಳಗೋಡೆಯ ಗಂಟು) ಆಗಿದ್ದರೆ ಡಾಕ್ಟರಿಗೆ ತಪ್ಪದೆ ತಿಳಿಸಿ. ಈ ಗುರುತುಗಳಿರುವ ಪ್ಯೂಟ್ಸ್-ಜೆಗರ್ಸ್ ಎಂಬ ವಂಶದ ಕಾಯಿಲೆಯಲ್ಲಿ ಕೆಟ್ಟ ಎಸ್‌ಟಿಕೆ11 ಹುಟ್ಟಿನಿಂದಲೇ ಇರುತ್ತದೆ. ಆಗ ತಂಗಿಯಾದ ನೀವೂ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಪ್ರಶ್ನೆ: ವೈರಸ್ ಇಲ್ಲದೆಯೂ ಬರುವುದಾದರೆ ಮಗಳಿಗೆ ಎಚ್‌ಪಿವಿ ಲಸಿಕೆ ಯಾಕೆ? (ಭದ್ರಾವತಿ)

ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ 100ಕ್ಕೆ 70ರಷ್ಟು ಎಚ್‌ಪಿವಿ 16 ಮತ್ತು 18 ಎಂಬ ಎರಡು ಬಗೆಗಳಿಂದಲೇ ಬರುತ್ತವೆ, ಲಸಿಕೆ ತಡೆಯುವುದು ಇವನ್ನೇ. ಹಾಕಿಸಿ.

ಪ್ರಶ್ನೆ: ಆಪರೇಶನ್‌ಗೆ ಮೊದಲು ಆರು ವಾರ ನಾಟಿ ಕಷಾಯ ಕೊಡಬಹುದೇ? (ಸೊರಬ)

ಬೇಡ. ಗಡ್ಡೆ ಬೆಳೆಯಲು ಆರು ವಾರ ಬಿಟ್ಟುಕೊಡುವವನು ವೈದ್ಯನಲ್ಲ.

ಪ್ರಶ್ನೆ: ಇದು ನಡತೆಯಿಂದ ಬರುವ ರೋಗ ಎನ್ನುತ್ತಾರಲ್ಲ? (ಹೊಸನಗರ)

ಹಾಗೆನ್ನುವವರನ್ನು ರೋಗಿಯ ಹತ್ತಿರ ಬಿಡಬೇಡಿ.

ಪ್ರಶ್ನೆ: ನೀರಿನ ಹಾಗೆ ಬಿಳಿ ಹೋಗುತ್ತಲೇ ಇದೆ. ಗರ್ಭಕಂಠದ ಕೋಶಗಳನ್ನು ಒರೆಸಿ ತೆಗೆದು ನೋಡುವ ಪ್ಯಾಪ್ ಪರೀಕ್ಷೆ ನಾರ್ಮಲ್ ಇದೆ, ಸುಮ್ಮನಿರಬಹುದೇ? (ಶಿವಮೊಗ್ಗ)

ಸುಮ್ಮನಿರಬೇಡಿ. ಎಷ್ಟೋ ಸಲ ಸೋಂಕೇ ಕಾರಣವಾಗಿರುತ್ತದೆ, ಗಾಬರಿ ಬೇಡ. ಆದರೆ ಗ್ಯಾಸ್ಟ್ರಿಕ್ ಟೈಪ್ ಗರ್ಭಕಂಠದ ಕಾಲುವೆಯಲ್ಲಿ ಮೇಲೆ ಕೂತಿರುವುದರಿಂದ ಪ್ಯಾಪ್‌ಗೆ ಸಿಗದೆ ಹೋಗಬಹುದು. ಸೋಂಕಿನ ಮಾತ್ರೆ ಮುಗಿದ ಮೇಲೂ ನಿಲ್ಲದಿದ್ದರೆ ಸ್ತ್ರೀರೋಗ ತಜ್ಞರ ಬಳಿ ಹೋಗಿ, ಸ್ಕ್ಯಾನ್ ಮಾಡಿಸಿ, ಕಾಲುವೆಯ ಒಳಗಿನಿಂದ ಸ್ಯಾಂಪಲ್ ತೆಗೆಯಬೇಕೇ ಎಂದು ನೇರವಾಗಿ ಕೇಳಿ.