ಅಪ್ಪ ಅಮ್ಮನ ಜೊತೆ ಗೋಕರ್ಣಕ್ಕೆ ಹೋಗ್ತಿದ್ದೀವಿ, ಸಮುದ್ರ ಕಾಣುವ ರೂಮು ಯಾವುದು ಒಳ್ಳೇದು, ಮೀನೂಟ ಎಲ್ಲಿ?

ಡಿಸೆಂಬರ್ ಕೊನೆ, ಜೊತೆಗೆ ಅಪ್ಪ ಅಮ್ಮ, ಬಾಗಿಲು ತೆಗೆದರೆ ಸಮುದ್ರ ಕಾಣಬೇಕು, ಒಳ್ಳೇ ಮೀನೂಟ ಸಿಗಬೇಕು, ಸಂಜೆ ಒಂದು ತಣ್ಣನೆ ಬಿಯರ್. ನೀವು ಬರೆದ ಇದೇ ಪಟ್ಟಿ ಇಟ್ಟುಕೊಂಡೇ ನಾನೂ ಹೋಗಿದ್ದೆ. ಬೆಂಗಳೂರಲ್ಲಿ ಕೂತು ಫೋಟೊ ನೋಡಿ ಕುಡ್ಲೆ ಬೀಚಿನಲ್ಲಿ ಒಂದು ಕಾಟೇಜ್ ಬುಕ್ ಮಾಡಿದೆ. ಪೂರ್ತಿ ದುಡ್ಡು ಮುಂಚೆನೇ ಕಟ್ಟಿಬಿಟ್ಟೆ.

ಆಟೋ ಗುಡ್ಡದ ಮೇಲೇ ನಿಂತುಬಿಟ್ಟಿತು. ಇನ್ನು ಮುಂದೆ ಇಳಿದು ಹೋಗಬೇಕು ಅಂದರು ಆಟೋದವರು. ಕೆಳಗೆ ಸಮುದ್ರ ಫೋಟೊದಲ್ಲಿ ಇದ್ದ ಹಾಗೇ ಇತ್ತು, ಆದರೆ ನಮಗೂ ಅದಕ್ಕೂ ನಡುವೆ ಮೆಟ್ಟಿಲುಗಳು. ಎಲ್ಲವೂ ಒಂದೇ ಎತ್ತರದವಲ್ಲ, ಕೆಲವು ಕಡೆ ಕಲ್ಲು ಸವೆದು ಜಾರುತ್ತಿದ್ದವು. ಅಮ್ಮನಿಗೆ ಮಂಡಿ ನೋವು. ಒಂದು ಕೈ ನನ್ನ ಹೆಗಲ ಮೇಲೆ, ಇನ್ನೊಂದು ಕೈಯಲ್ಲಿ ಸೀರೆ ನೆರಿಗೆ ಹಿಡಿದು, ಪ್ರತಿ ಮೆಟ್ಟಿಲಿಗೂ ಎರಡೂ ಕಾಲು ಇಟ್ಟು ಇಟ್ಟು ಇಳಿದರು. ಕೆಳಗೆ ಬಂದ ಮೇಲೆ ಸಮುದ್ರದ ಕಡೆ ನೋಡಲೇ ಇಲ್ಲ, ತಿರುಗಿ ಆ ಮೆಟ್ಟಿಲುಗಳನ್ನೇ ನೋಡಿದರು. ಮತ್ತೆ ಹತ್ತಬೇಕಲ್ಲ ಅಂದರು.

ಅಲ್ಲಿಗೆ ಮುಗೀತು. ಅಮ್ಮ ಆ ಬೀಚು ಬಿಟ್ಟು ಮೇಲೆ ಬಂದದ್ದು ನಾವು ಜಾಗ ಖಾಲಿ ಮಾಡಿದ ದಿನವೇ. ಮಹಾಬಲೇಶ್ವರನ ದರ್ಶನಕ್ಕೇ ಅಂತ ಹೊರಟವರು ಅವರು. ಊಟಕ್ಕೆ ಊರಿಗೆ ಹೋಗೋಣ ಅಂದರೆ ಅವರನ್ನು ಬಿಟ್ಟು ಹೋಗಬೇಕು, ಅಪ್ಪ ಒಪ್ಪಲಿಲ್ಲ. ಹಾಗಾಗಿ ತಿಂಡಿ, ಊಟ, ಚಹಾ ಎಲ್ಲ ಬೀಚಿನ ಶ್ಯಾಕುಗಳಲ್ಲೇ, ಅಂದರೆ ಮರಳಿನ ಮೇಲಿನ ಗುಡಿಸಲು ಹೋಟೆಲುಗಳಲ್ಲೇ. ಅಲ್ಲಿನ ಮೆನು ಇರೋದು ಬೇರೆ ಥರದ ಜನಕ್ಕೆ: ಪಾಸ್ತಾ, ಪಿಜ್ಜಾ, ಹಮ್ಮಸ್, ಪ್ಯಾನ್‌ಕೇಕ್. ಮೀನು ಕೇಳಿದರೆ ಬೆಣ್ಣೆ, ಬೆಳ್ಳುಳ್ಳಿ ಹಾಕಿದ ಒಂದು ತುಂಡು, ಪಕ್ಕದಲ್ಲಿ ಆಲೂ ಚಿಪ್ಸ್. ಅಪ್ಪನಿಗೆ ಬೇಕಿದ್ದದ್ದು ಬಿಸಿ ಅನ್ನ, ಮೀನ್ ಸಾರು. ಅವರು ಏನೂ ಅನ್ನಲಿಲ್ಲ, ಅರ್ಧ ತಿಂದು ಪ್ಲೇಟ್ ಸರಿಸಿದರು. ನನಗೆ ಅದೇ ಜಾಸ್ತಿ ನೋವಾಯ್ತು.

ತಪ್ಪು ಎಲ್ಲಾಯ್ತು ಅಂತ ಸ್ವಲ್ಪ ಉದ್ದವಾಗಿಯೇ ಹೇಳ್ತೀನಿ, ಯಾಕಂದ್ರೆ ನೀವೂ ಅದೇ ದಾರಿಯಲ್ಲಿದ್ದೀರಿ. ಕಾಟೇಜಿನವರದ್ದು ಏನೂ ತಪ್ಪಿಲ್ಲ. ರೂಮು ಕ್ಲೀನಾಗಿತ್ತು, ಸಮುದ್ರ ನಿಜಕ್ಕೂ ಬಾಗಿಲಲ್ಲೇ ಇತ್ತು. ನಾನು ಮ್ಯಾಪಿನಲ್ಲಿ ದೂರ ನೋಡಿದೆ, ಎತ್ತರ ನೋಡಲಿಲ್ಲ. ಊರು ಇಲ್ಲೇ ಪಕ್ಕದಲ್ಲಿದೆ ಅನಿಸಿತ್ತು. ಗೋಕರ್ಣ ಪೇಟೆಯಿಂದ ದಕ್ಷಿಣಕ್ಕೆ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಅಂತ ಸಾಲಾಗಿ ಬೀಚುಗಳಿವೆ, ಪ್ರತಿ ಎರಡು ಬೀಚಿನ ನಡುವೆ ಒಂದು ಗುಡ್ಡ ಸಮುದ್ರಕ್ಕೆ ಚಾಚಿಕೊಂಡಿದೆ. ಕೊನೆಯ ಎರಡಕ್ಕಂತೂ ನಡೆದು ಇಲ್ಲಾ ದೋಣಿಯಲ್ಲಿ ಹೋಗಬೇಕು. ಆ ಗುಡ್ಡಗಳಿಂದಲೇ ಆ ಬೀಚುಗಳಿಗೆ ಅಷ್ಟು ಚಂದ, ವಯಸ್ಸಾದವರಿಗೆ ಕಷ್ಟವೂ ಅದರಿಂದಲೇ. ಅಲ್ಲಿನ ರಿವ್ಯೂಗಳನ್ನೂ ಓದಿದ್ದೆ. ಬರೆದವರೆಲ್ಲ ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಸ್ನೇಹಿತರ ಜೊತೆ ಬಂದ ಹುಡುಗರು, ಮೆಟ್ಟಿಲ ಬಗ್ಗೆ ಒಬ್ಬರೂ ಒಂದು ಸಾಲು ಬರೆದಿರಲಿಲ್ಲ. ಅವರಿಗೆ ಅದು ಲೆಕ್ಕಕ್ಕೇ ಬಂದಿರೋದಿಲ್ಲ. ದುಡ್ಡು ಕಟ್ಟುವ ಮೊದಲು ಒಂದು ಫೋನ್ ಮಾಡಿ ಒಂದೇ ಮಾತು ಕೇಳಿದ್ದರೆ ಸಾಕಿತ್ತು: ಆಟೋ ರೂಮಿನ ಬಾಗಿಲವರೆಗೆ ಬರುತ್ತಾ? ನಾನು ಅದನ್ನು ಕೇಳಲಿಲ್ಲ. ಎಸಿ ಇದೆಯಾ, ಬಿಸಿನೀರು ಬರುತ್ತಾ ಅಂತ ಕೇಳಿದೆ. ಅದೊಂದು ಪ್ರಶ್ನೆ ಬಿಟ್ಟುಹೋಗಿದ್ದಕ್ಕೆ ದರ್ಶನ ತಪ್ಪಿತು, ಊಟ ಕೆಟ್ಟಿತು, ಉಳಿದ ರಾತ್ರಿಗಳ ದುಡ್ಡೂ ವಾಪಸ್ ಬರಲಿಲ್ಲ.

ಆಮೇಲೆ ಕುಮಟಾಕ್ಕೆ ಹೋದೆವು. ಬಸ್ ಸ್ಟ್ಯಾಂಡ್ ಹತ್ತಿರದ ಸಾಧಾರಣ ಲಾಡ್ಜು, ಕಿಟಕಿ ತೆಗೆದರೆ ರಸ್ತೆ. ಮಧ್ಯಾಹ್ನ ಪಕ್ಕದ ಖಾನಾವಳಿಯಲ್ಲಿ ಕೂತೆವು. ಸ್ಟೀಲ್ ತಟ್ಟೆಯಲ್ಲಿ ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು, ಪಕ್ಕದಲ್ಲಿ ಮುರುಗಲು ಹಾಕಿದ ಸೋಲ್ ಕಡಿ. ಸಾರಿನಲ್ಲಿ ಜುಮ್ಮನಕಾಯಿ ಬಿದ್ದಿತ್ತು. ಕಾಳುಮೆಣಸಿಗಿಂತ ಸ್ವಲ್ಪ ದೊಡ್ಡ ಕಾಯಿ, ನಿಂಬೆ ಸಿಪ್ಪೆಯಂಥ ಘಮ, ಬಾಯಿಗೆ ಸಿಕ್ಕರೆ ನಾಲಿಗೆ ಸಣ್ಣಗೆ ಜುಮ್ ಅನ್ನುತ್ತದೆ. ಅದಿಲ್ಲದೆ ಉತ್ತರ ಕನ್ನಡದವರ ಬಂಗಡೆ ಸಾರು ಪೂರ್ತಿಯಾಗೋದಿಲ್ಲ. ಅಪ್ಪ ಎರಡನೇ ಸಲ ಅನ್ನ ಹಾಕಿಸಿಕೊಂಡರು, ಮೂರನೇ ಸಲವೂ ಕೇಳಿದರು.

ಹಾಗಾಗಿ ಸಮುದ್ರ ಕಾಣುವ ರೂಮು ಯಾವುದು ಅಂತ ನಾನು ಹೇಳೋದಿಲ್ಲ. ಆ ಆಸೆಯನ್ನು ಈ ಸಲ ಬಿಡಿ. ಸಮುದ್ರ ಬೆಳಗ್ಗೆ ಒಂದು ಗಂಟೆ ಹೊತ್ತು, ಸಂಜೆ ಎರಡು ಗಂಟೆ ಹೊತ್ತು ನೋಡುವಂಥದ್ದು. ಮಧ್ಯಾಹ್ನ ಅಲ್ಲಿ ಬಿಸಿಲಿಗೆ ಕಣ್ಣು ಬಿಡೋಕೂ ಆಗಲ್ಲ. ಊಟ ಎಲ್ಲಿ ಅಂತ ಮೊದಲು ನೋಡಿ, ಅದರ ಹತ್ತಿರ ಮಲಗಿ, ಸಮುದ್ರಕ್ಕೆ ಆಟೋದಲ್ಲಿ ಹೋಗಿ ಬನ್ನಿ. ನನ್ನ ಪ್ರಕಾರ ಕುಮಟಾ ಅಥವಾ ಹೊನ್ನಾವರದಲ್ಲಿ ಉಳಿಯಿರಿ. ಬೆಂಗಳೂರಿಂದ ಸಂಜೆ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ರೈಲು ಹತ್ತಿದರೆ ಕುಮಟಾದಲ್ಲೇ ಇಳಿಯಬಹುದು. ಗೋಕರ್ಣ ರೋಡ್ ಸ್ಟೇಷನ್ ಅಂತ ಹೆಸರು ನೋಡಿ ಊರಲ್ಲೇ ಇದೆ ಅಂದುಕೊಳ್ಳಬೇಡಿ, ಅಲ್ಲಿಂದ ಪೇಟೆ ಸಾಕಷ್ಟು ದೂರ, ಮತ್ತೆ ಆಟೋ ಬೇಕು.

ಕುಮಟಾದಿಂದ ಒಂದು ದಿನ ಗೋಕರ್ಣ ಮಾಡಿ. ಬೆಳಗ್ಗೆ ಬೇಗ ದೇವಸ್ಥಾನ, ಆಮೇಲೆ ಅಲ್ಲೇ ರಥಬೀದಿಯ ಸುತ್ತ ಸಸ್ಯಾಹಾರಿ ಊಟ. ದೇವಸ್ಥಾನದ ಬೀದಿಯಲ್ಲಿ ಮೀನು ಹುಡುಕೋಕೆ ಹೋಗಬೇಡಿ, ಅದು ಆ ಜಾಗದ ರೀತಿ ಅಲ್ಲ. ತಂಬುಳಿ, ಅಪ್ಪೆಹುಳಿ ಇದ್ದರೆ ಬಿಡಬೇಡಿ. ಊರಿನದ್ದೇ ದೊಡ್ಡ ಬೀಚು ದೇವಸ್ಥಾನದ ಹತ್ತಿರವೇ ಇದೆ, ಮೆಟ್ಟಿಲಿಲ್ಲ, ಅಮ್ಮನಿಗೆ ಅದೇ ಸಾಕು. ಇನ್ನೊಂದು ದಿನ ಹೊನ್ನಾವರದ ಕಡೆ. ಕಾಸರಕೋಡಿನ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಅನ್ನೋ, ಸ್ವಚ್ಛ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿದೆ. ನೆಲ ಸಮತಟ್ಟು, ಶೌಚಾಲಯ ಇದೆ, ವಯಸ್ಸಾದವರಿಗೆ ಇದೆಲ್ಲ ಎಷ್ಟು ಮುಖ್ಯ ಅಂತ ಹೊರಟ ಮೇಲೇ ಗೊತ್ತಾಗೋದು. ಅಲ್ಲೇ ಶರಾವತಿ ಹಿನ್ನೀರಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಒಳಗೆ ಮರದ ಕಾಲುದಾರಿಯೂ ಇದೆ.

ಮೀನೂಟ ಮಾತ್ರ ಮಧ್ಯಾಹ್ನವೇ ಮಾಡಿ. ಬೆಳಗ್ಗೆ ಬಂದ ಮೀನು ಮಧ್ಯಾಹ್ನದ ಸಾರಿಗೆ ಬೀಳುತ್ತದೆ, ಎರಡು ಗಂಟೆ ದಾಟಿದರೆ ಒಳ್ಳೆಯದು ಖಾಲಿ. ಲಾಡ್ಜಿನ ಮ್ಯಾನೇಜರನ್ನು ಕೇಳಬೇಡಿ, ಅವರು ಎಸಿ ಇರುವ ಹೋಟೆಲಿಗೆ ಕಳಿಸುತ್ತಾರೆ. ಆಟೋದವರು, ಬ್ಯಾಂಕಿನವರು ಎಲ್ಲಿ ಕೂತು ಉಣ್ಣುತ್ತಾರೆ ನೋಡಿ, ಅಲ್ಲಿ ಕೂತ್ಕೊಳ್ಳಿ. ಮೆನು ಕಾರ್ಡ್ ಕೇಳಬೇಡಿ, ಇವತ್ತು ಏನು ಮೀನು ಬಂದಿದೆ ಅಂತ ಕೇಳಿ. ಊಟದ ಜೊತೆ ಸಾರು ಬರುತ್ತದೆ, ಫ್ರೈ ಬೇರೆ ಲೆಕ್ಕ. ಪಾಂಪ್ರೆಟ್, ಇಸ್ವಾಣ ದಿನದ ರೇಟು, ಹೇಳುವ ಮೊದಲೇ ಎಷ್ಟು ಅಂತ ಕೇಳಿಬಿಡಿ, ಯಾರೂ ಬೇಜಾರು ಮಾಡಿಕೊಳ್ಳಲ್ಲ. ನಾನಾದರೆ ಬಂಗಡೆ, ತಾರ್ಲೆಯನ್ನೇ ತಗೋತೀನಿ. ಅಗ್ಗದ ಮೀನು ಬೇಗ ಖರ್ಚಾಗುತ್ತದೆ, ಹಾಗಾಗಿ ತಾಜಾ ಇರುತ್ತದೆ. ಸೋಮವಾರ ತಲುಪುವ ಹಾಗೆ ಹೊರಡಬೇಡಿ, ಆ ದಿನ ಅಲ್ಲಿ ಎಷ್ಟೋ ಜನ ಮೀನು ಮುಟ್ಟೋದಿಲ್ಲ.

ಬಿಯರ್ ವಿಷಯ. ಕುಮಟಾ, ಹೊನ್ನಾವರ ಎರಡೂ ಕಡೆ ಬಾರ್ ಇವೆ, ತೊಂದರೆ ಇಲ್ಲ. ಆದರೆ ಕಾರವಾರದವರೆಗೆ ಹೋಗ್ತೀವಿ, ಗೋವಾದಿಂದ ಅಗ್ಗಕ್ಕೆ ತರೋಣ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಪರ್ಮಿಟ್ ಇಲ್ಲದೆ ತಂದರೆ ಅಪರಾಧ, ಗಡಿಯ ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಗಾಡಿ ತಪಾಸಣೆ ಮಾಡುತ್ತಾರೆ. ಅಪ್ಪ ಅಮ್ಮನನ್ನು ಕೂರಿಸಿಕೊಂಡು ಅದೆಲ್ಲ ಯಾಕೆ? ಹಗಲು ಅವರಿಗೆ ಸೀಯಾಳ ಕುಡಿಸಿ. ಕರಾವಳಿಯ ಬಿಸಿಲಿಗೆ ಬೆವರು ಹೋದದ್ದೇ ಗೊತ್ತಾಗೋದಿಲ್ಲ, ಸಂಜೆ ಹೊತ್ತಿಗೆ ತಲೆನೋವು ಶುರುವಾಗುತ್ತದೆ.

ತಾರೀಖನ್ನೂ ಬದಲಾಯಿಸಿ. ಡಿಸೆಂಬರ್ ಕೊನೆಯ ವಾರ ಇಡೀ ಬೆಂಗಳೂರೇ ಅಲ್ಲಿರುತ್ತದೆ, ರೂಮಿನ ರೇಟು ಏರಿರುತ್ತದೆ. ಜನವರಿ ಎರಡನೇ ಅರ್ಧಕ್ಕೆ ತಳ್ಳಿ. ಶಿವರಾತ್ರಿ ಹತ್ತಿರ ಬೇಡ, ಆಗ ಗೋಕರ್ಣದಲ್ಲಿ ರಥೋತ್ಸವ, ಕಾಲಿಡೋಕೆ ಜಾಗ ಇರಲ್ಲ. ರಜೆ ಸಿಗಲಿಲ್ಲ ಅಂತ ಜೂನ್, ಜುಲೈಗೆ ಹಾಕಿಕೊಂಡರೆ ಮೀನಿನ ಆಸೆ ಇಟ್ಟುಕೊಳ್ಳಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ನಾಡದೋಣಿಯವರು ತರುವ ಸ್ವಲ್ಪ ಮೀನು ಬಿಟ್ಟರೆ ಬಹಳಷ್ಟು ಐಸಿನಲ್ಲಿಟ್ಟದ್ದೇ ಸಿಗುತ್ತದೆ.

ವಾಪಸ್ ಬರುವಾಗ ಒಂದು ದಿನ ಕೈಯಲ್ಲಿದ್ದರೆ ಕುಂದಾಪುರದಲ್ಲಿ ಇಳಿಯಿರಿ. ಚಿಕನ್ ಘೀ ರೋಸ್ಟ್ ಅಂತ ಈಗ ಎಲ್ಲ ಊರಲ್ಲೂ ಮಾಡುತ್ತಾರಲ್ಲ, ಅದು ಹುಟ್ಟಿದ್ದು ಅಲ್ಲಿನ ಶೆಟ್ಟಿ ಲಂಚ್ ಹೋಮ್‌ನಲ್ಲಿ ಅಂತಾರೆ. ನೀರ್ ದೋಸೆ ಜೊತೆ ತಗೊಳ್ಳಿ. ಮೀನು, ಕೋಳಿ ಮುಟ್ಟದವರು ಜೊತೆಗಿದ್ದರೆ ಉಡುಪಿವರೆಗೆ ಹೋಗಿ, ಕೃಷ್ಣ ಮಠದ ರಥಬೀದಿಯ ಮಿತ್ರ ಸಮಾಜದಲ್ಲಿ ಸಂಜೆ ಗೋಳಿಬಜೆ ತಿನ್ನಿ. ಕುಮಟಾದ ಲಾಡ್ಜಿಗೆ ಫೋನ್ ಮಾಡಿದಾಗ ನೆಲಮಹಡಿಯ ರೂಮೇ ಕೇಳಿ, ಲಿಫ್ಟ್ ಇದೆ ಅಂದರೂ ಕರೆಂಟ್ ಹೋದಾಗ ನಡೆಯುತ್ತಾ ಅಂತ ಕೇಳಿಕೊಂಡೇ ದುಡ್ಡು ಕಟ್ಟಿ.